ಹೂಂ ಬೀಳದ ಸಾಲು

ನಮ್ಮ ಮಾವನ ಮನೆಗೆ ಕಳ್ಳ ನುಗ್ಗಿದರೆ ಅವನ ಗತಿ ಏನಾದೀತು ಎಂದು ನಾನು ಆಗಾಗ ಯೋಚಿಸುತ್ತೇನೆ. ಮಾವ ಅವನನ್ನು ಕೂರಿಸಿ, ಒಗ್ಗರಣೆ ಮಿರ್ಚಿ ತಿನ್ನಿಸಿ, ತಾವು ವರ್ಷಗಟ್ಟಲೆ ಕೂತು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ ಕೈಗಿಟ್ಟು, "ನಾಕು ಮಂದಿಗೆ ಹಂಚಪಾ" ಎಂದು ಬೀಳ್ಕೊಡುತ್ತಾರೆ. ಅದೇ ಕಳ್ಳ ಹೊಸಿಲು ದಾಟುವಾಗ ತಿರುಗಿ, "ವೈಫೈ ಪಾಸ್‌ವರ್ಡ್ ಏನ್ರಿ?" ಎಂದನೋ, ಕೆಟ್ಟ! ಓಣಿಯ ಜನವೆಲ್ಲ ಸೇರಿದ ಹಾಗೆಯೇ!

ಮಾವ ಎಂದರೆ ನಮ್ಮಮ್ಮನ ತಮ್ಮ. ಇರುವುದು ರಾಯದುರ್ಗದಲ್ಲಿ, ಮನೆಗಳಿಗಿಂತ ಹೊಲಿಗೆ ಯಂತ್ರಗಳೇ ಹೆಚ್ಚಿರುವ ಓಣಿಯಲ್ಲಿ. ಜೀನ್ಸ್ ಯೂನಿಟ್ಟುಗಳಿಗೆ ಬಟ್ಟೆ ಕತ್ತರಿಸಿಕೊಡುವ ಕಟಿಂಗ್ ಮಾಸ್ಟರ್ ಆಗಿದ್ದವರು. ಮುಚ್ಚಿಹೋದ ಒಂದು ಇಂಟರ್ನೆಟ್ ಅಂಗಡಿಯ ಹಳೆಯ ಕಂಪ್ಯೂಟರನ್ನು ಮನೆಗೆ ತಂದು, ತಾವೇ ಕಲಿತು, ಒಂದು ಪ್ರೋಗ್ರಾಮ್ ಬರೆದರು. ಪ್ಯಾಂಟಿನ ಮುಂಭಾಗ, ಹಿಂಭಾಗ, ಜೇಬು, ಪಟ್ಟಿ ಎಲ್ಲವನ್ನೂ ಬಟ್ಟೆಯ ಮೇಲೆ ಹೇಗೆ ಜೋಡಿಸಿಟ್ಟು ಕತ್ತರಿಸಿದರೆ ಕಡಿಮೆ ಹಾಳು ಎಂದು ಅದು ಚಿತ್ರ ಬರೆದು ತೋರಿಸುತ್ತದೆ. ಓಣಿಯ ಯೂನಿಟ್ಟುಗಳೆಲ್ಲ ನಡೆಯುವುದು ಅದರ ಮೇಲೆ.

ಪ್ರೋಗ್ರಾಮ್ ಬರೆಯುವುದರಲ್ಲಿ ಮಾವನ ಮೊದಲ ಕಟ್ಟಳೆ ಇದು: "ಹಳೇದನ್ನ ಅಳಿಸಬ್ಯಾಡ. ಹೊಸಾದು ಕೆಳಗ ಬರಿ. ಎಲ್ಲಿ ತಪ್ಪಿದ್ವಿ ಅನ್ನೋದು ಮುಂದ ಬರೋರಿಗೆ ಕಾಣಬೇಕು." ಈ ಪ್ರಬಂಧದಲ್ಲಿ ನಾನೂ ಅದನ್ನೇ ಪಾಲಿಸುತ್ತೇನೆ. ನನ್ನ ನೆನಪೂ ಒಂದು ಪ್ರೋಗ್ರಾಮೇ, ಮತ್ತು ಅದನ್ನು ಯಾರೂ ಪರೀಕ್ಷೆ ಮಾಡಿಲ್ಲ.

ಎರಡನೆಯ ಕಟ್ಟಳೆ, ಎಲ್ಲವನ್ನೂ ತಿರುವಿ ಒಳಗಿನ ಹೊಲಿಗೆ ನೋಡುವುದು. ನಮ್ಮೂರು ಮಡಕಶಿರದಲ್ಲಿ ನನ್ನ ತಂಗಿಯ ಮದುವೆ. ಮದುಮಗ ಹೊಸ ಕೋಟು ಹಾಕಿ ನಿಂತಿದ್ದಾನೆ. ಅಕ್ಷತೆ ಹಾಕಲು ಹೋದ ಮಾವ ಅವನ ಕೋಟಿನ ಅಂಚು ಹಿಡಿದು ಒಳಗನ್ನು ಹೊರಗೆ ಮಾಡಿ, ಕನ್ನಡಕ ಏರಿಸಿ, ಹೊಲಿಗೆ ಓದತೊಡಗಿದರು! ಬೀಗರು ಕಕ್ಕಾಬಿಕ್ಕಿ. "ಒಳಗ ತೋರ್ಸದವ್ರಿಗೆ ಹೆಣ್ಣು ಕೊಡಬಾರದ್ರಿ. ಈತಂದು ಪರವಾಗಿಲ್ಲ, ಕೊಡ್ರಿ" ಎಂದರು ಮಾವ. ತಾಳಿ ಕಟ್ಟಿ ಆಗಲೇ ಗಳಿಗೆ ಕಳೆದಿತ್ತು.

ತಿದ್ದಿದ್ದು: ಕೋಟಲ್ಲ, ಶರ್ಟಿನ ಕಾಲರ್ ಎನ್ನುತ್ತಾಳೆ ಅಮ್ಮ. ಕೋಟು ಹಾಕಿದ್ದು ಮದುಮಗನ ಅಣ್ಣನಂತೆ. ಹಾಗಾದರೆ ಮಾವ ಯಾರಿಗೆ ಹೆಣ್ಣು ಕೊಡಿಸಿದರು?

ಒಮ್ಮೆ ಒಬ್ಬ ತೆಲುಗು ವ್ಯಾಪಾರಿ ಕಾರಿನಲ್ಲಿ ಬಂದ. ಪ್ರೋಗ್ರಾಮಿಗೆ ಬೀಗ ಹಾಕಿ ಮಾರೋಣ, ಒಳಗೆ ಏನಿದೆಯೆಂದು ಯಾರಿಗೂ ಕಾಣಬಾರದು ಎಂಬುದು ಅವನ ಸಲಹೆ.

"ತಾಳಂ ವೇಯಂಡಿ ಮಾಸ್ಟರ್ ಗಾರೂ!"

"ತಿರುವಿ ನೋಡಾಕ ಬಿಡದ ಅಂಗಡ್ಯಾಗ ನೀವು ಪ್ಯಾಂಟು ತಗಂತೀರೇನ್ರಿ?"

"ಕಾನಿ, ಅಂದರೂ ಕಾಪಿ ಕೊಟ್ಟೇಸ್ತಾರು ಕದಾ!"

"ಎಲ್ಲಾರೂ ಕಾಪಿ ಹೊಡೀಲಿ ಬಿಡ್ರಿ. ನಾಳೆ ನನ್ನ ಮನೀಗೆ ಬೆಂಕಿ ಬಿದ್ರೂ ಪ್ರೋಗ್ರಾಮು ಓಣಿ ತುಂಬ ಇರತೈತಿ. ಬೀಗ ಹಾಕಿದ್ದು ಬೀಗದ ಕೂಡ ಸುಡತೈತಿ."

ವ್ಯಾಪಾರಿ ತಲೆ ಚಚ್ಚಿಕೊಂಡು ಹೊರಟ. ಅಷ್ಟರಲ್ಲಿ ಮಾವ ಅವನ ಡ್ರೈವರಿಗೆ ಒಂದು ಕಾಪಿ ಕೊಟ್ಟಾಗಿತ್ತು.

ಇಷ್ಟು ಧಾರಾಳಿಗೆ ಪಾಸ್‌ವರ್ಡ್ ಎಂದರೆ ಮಾತ್ರ ಯಾಕೆ ಜೀವ ಬಾಯಿಗೆ ಬರುತ್ತದೆ? ನಾನು ಕೇಳಿಯೇ ಬಿಟ್ಟೆ. "ಅಳಿಯಾ, ಪ್ರೋಗ್ರಾಮು ಅಂದ್ರ ಪ್ಯಾಂಟು. ಹತ್ತು ಮಂದಿ ನೋಡಬೇಕು, ಹೊಲಿಗಿ ಬಿಟ್ಟಲ್ಲಿ ಹೇಳಬೇಕು. ಪಾಸ್‌ವರ್ಡ್ ಅಂದ್ರ ಲಾಡಿ. ಅದನ್ನ ಊರವ್ರ ಕೈಗೆ ಕೊಡ್ತಾರೇನು?"

ಅಮ್ಮನ ಲಾಡಿ ಎಷ್ಟು ಭದ್ರ ಎಂದು ನೋಡಲು ಒಂದು ದಿನ ಮಾವ ಬೇರೆ ನಂಬರಿನಿಂದ, ಮೂಗು ಹಿಡಿದುಕೊಂಡು, ಮಡಕಶಿರಕ್ಕೆ ಫೋನ್ ಮಾಡಿದರು. "ನಾವು ಬ್ಯಾಂಕಿನವರು, ನಿಮ್ಮ ಮೊಬೈಲಿಗೆ ಬಂದ ನಂಬರ್ ಹೇಳಿ." ಅಮ್ಮ ತಡಮಾಡದೆ ಹೇಳಿದಳು. ಮಾವ ಮೂಗು ಬಿಟ್ಟು ಸಿಡಿದರು.

"ಅಕ್ಕಾ! ಹಿಂಗ ಹೇಳಿಬಿಡ್ತಾರೇನು?"

"ನೀನಂತ ಗೊತ್ತಾತು, ಅದಕ್ಕ ಹೇಳ್ದೆ. ಸಣ್ಣಾಂವಿದ್ದಾಗಿಂದ ನೆಗಡಿ ಬಂದ್ರ ಹಿಂಗ ಮಾತಾಡ್ತಿ."

ಅಂದಿನಿಂದ ಅಕ್ಕ ತಮ್ಮನ ನಡುವೆ ಒಂದು ಗುಟ್ಟಿನ ಪ್ರಶ್ನೆ ಜಾರಿಗೆ ಬಂತು. ಫೋನ್ ಬಂದರೆ ಅಮ್ಮ ಮೊದಲು ಕೇಳಬೇಕು: "ಕೋಟೆ ಗುಡ್ಡದ ಮ್ಯಾಲ ನಿನ್ನ ಕಿವಿ ಕಚ್ಚಿದ್ದು ಯಾರು?" ಹೊರಗಿನವನಾದರೆ "ಕೋತಿ" ಎನ್ನುತ್ತಾನೆ, ಏಕೆಂದರೆ ಅಜ್ಜಿಗೆ, ಊರಿಗೆ, ಡಾಕ್ಟರಿಗೆ ಎಲ್ಲರಿಗೂ ಹೇಳಿದ್ದು ಅದನ್ನೇ. ನಿಜವಾದ ಉತ್ತರ: "ನೀನೇ, ಅಕ್ಕ."

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಅತ್ತೆ ಇಲ್ಲದೆ ಮಾವನ ಪ್ರೋಗ್ರಾಮ್ ಇಲ್ಲ. ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕಷ್ಟೆ? ಮಾವ ಪ್ರೋಗ್ರಾಮನ್ನು ಸಾಲು ಸಾಲಾಗಿ ಅತ್ತೆಗೆ ಕಥೆಯಂತೆ ಹೇಳುತ್ತಾರೆ. ಅತ್ತೆ ಎದುರಿಗೆ ಕಾಲು ಚಾಚಿ ಕೂತು, ಯೂನಿಟ್ಟಿನಿಂದ ಬಂದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸುತ್ತ ಹೂಂಗುಟ್ಟುತ್ತಾಳೆ.

"ಬಟ್ಟಿ ಅಗಲ ತಗಂತೀವಿ."

"ಹೂಂ."

"ದೊಡ್ಡ ತುಂಡು ಮೊದ್ಲು ಇಡ್ತೀವಿ."

"ಹೂಂ."

"ಜಾಗ ಸಾಲದಿದ್ರ ಜೇಬು ತಿರುಗಿಸ್ತೀವಿ..."

ಮೌನ. ಹೂಂ ಬೀಳಲಿಲ್ಲವೆಂದರೆ ಆ ಸಾಲಿನಲ್ಲಿ ತಪ್ಪಿದೆ! ಮಾವ ಹುಡುಕುತ್ತಾರೆ, ತಪ್ಪು ಸಿಗುತ್ತದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ತಂಡ ಇರುತ್ತದಂತೆ. ಅವರೆಲ್ಲ ಹೂಂ ಅನ್ನುತ್ತಾರೋ ಇಲ್ಲವೋ ತಿಳಿಯದು.

"ಅತ್ತೆ, ನಿಂಗೆ ಪ್ರೋಗ್ರಾಮು ಅರ್ಥ ಆಯ್ತದಾ?" ಎಂದು ಕೇಳಿದ್ದೆ.

"ನನಗೇನು ತಿಳೀತೈತಪಾ! ಅವ್ರಿಗೇ ಖಾತ್ರಿ ಇಲ್ಲದಾಗ ದನಿ ಸಣ್ಣಗ ಆಗತೈತಿ. ಅಂಥಾದ್ಕ ನಾನ್ಯಾಕ ಹೂಂ ಅನ್ಲಿ?"

ಅಂದರೆ ಅವಳು ಇಷ್ಟು ವರ್ಷ ಪರೀಕ್ಷೆ ಮಾಡುತ್ತಿದ್ದದ್ದು ಪ್ರೋಗ್ರಾಮನ್ನಲ್ಲ, ಗಂಡನನ್ನು!

ನಾನಾಗ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಚೆಕ್ ಕೆಲಸಕ್ಕಿದ್ದೆ. ನಮ್ಮ ಕಡೆಯ ಬಸ್ಸುಗಳೆಲ್ಲ ಆ ದಿಕ್ಕಿಗೇ ಹೊರಡುತ್ತಿದ್ದ ಕಾಲ. ರಜೆಗೆ ಮಡಕಶಿರಕ್ಕೆ ಬಂದಿದ್ದಾಗ ಒಂದು ಮಧ್ಯಾಹ್ನ ಮಾವನ ಫೋನ್ ಬಂತು. ಅಮ್ಮ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಬಳ್ಳಾರಿ ಆಸ್ಪತ್ರ್ಯಾಗ ಅದೀವಿ..."

ದನಿ ಗುರುತು ಸಿಗದಷ್ಟು ಸಣ್ಣಗಿತ್ತು. ಅಮ್ಮನಿಗೆ ಅನುಮಾನ. "ಮೊದ್ಲು ಹೇಳು. ಕೋಟೆ ಗುಡ್ಡದ ಮ್ಯಾಲ ನಿನ್ನ ಕಿವಿ ಕಚ್ಚಿದ್ದು ಯಾರು?"

"ನೀನೇ, ಅಕ್ಕ" ಎಂದರು ಮಾವ. "ಇಕಿ ಕುತ್ತಿಗ್ಯಾಗ ಗಂಟು ಆಗೇತಿ. ಆಪರೇಷನ್ ಮಾಡಬೇಕಂತ."

ಅಮ್ಮ, ನಾನು ಆವತ್ತೇ ಬಳ್ಳಾರಿಗೆ ಹೊರಟೆವು.

ಡಾಕ್ಟರು ತಾಳ್ಮೆಯವರು. ಟೇಬಲ್ಲಿನ ಒಂದು ಬದಿಗೆ ಅತ್ತೆ, ಮಾವ, ಎದುರು ಬದಿಗೆ ಅಮ್ಮ, ನಾನು ಕೂತಿದ್ದೆವು. ಅತ್ತೆಯ ಗಂಟು ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ದನಿಯ ನರ ಅದಕ್ಕೆ ಅಂಟಿಕೊಂಡೇ ಹಾದುಹೋಗುತ್ತದೆ, ಸ್ವಲ್ಪ ಕಾಲ ದನಿ ಹೋಗಬಹುದು, ಪೂರ್ತಿ ಬರದೆಯೂ ಇರಬಹುದು ಎಂದು ಬಿಡಿಸಿ ಹೇಳಿದರು. ಶುಕ್ರವಾರ ಮಾಡೋಣವೇ ಎಂದರು.

"ಶುಕ್ರವಾರ ಬ್ಯಾಡ್ರಿ!" ಮಾವ ಕುರ್ಚಿಯಿಂದ ಎದ್ದೇಬಿಟ್ಟರು.

ಅಮ್ಮ ಮೆಚ್ಚಿ ತಲೆಯಾಡಿಸಿದಳು. "ಹೌದಪಾ, ಲಕ್ಷ್ಮಿ ವಾರ."

"ಲಕ್ಷ್ಮಿ ಅಲ್ಲಕ್ಕಾ! ಶುಕ್ರವಾರ ಏನರ ಬದ್ಲಿ ಮಾಡಿ, ಶನಿವಾರ ಕೆಟ್ಟರ ರಿಪೇರಿಗೆ ಯಾರು ಸಿಗ್ತಾರ? ಇಪ್ಪತ್ತು ವರ್ಷದಾಗ ಒಂದು ಜೇಬು ಸೈತ ನಾನು ಶುಕ್ರವಾರ ಬದ್ಲಿ ಮಾಡಿಲ್ಲ!"

ಡಾಕ್ಟರು ನಕ್ಕು ಸೋಮವಾರಕ್ಕೆ ಬರೆದುಕೊಂಡರು. ಮಾವ ಬಿಡಲಿಲ್ಲ. "ಕೆಟ್ಟರ ಹಿಂದಕ್ಕ ಹೋಗಾಕ ದಾರಿ ಇಟ್ಟೀರೇನ್ರಿ?"

"ಅಂದ್ರೆ?"

"ಹಳೇ ದನಿ ಎಲ್ಲ್ಯಾರ ಎತ್ತಿಟ್ಟು, ಆಮ್ಯಾಲ ಹೊಸಾದಕ್ಕ ಕೈ ಹಾಕಬೇಕಲ್ರಿ."

"ನಮ್ಮ ಕೆಲಸದಲ್ಲಿ ಹಾಗೆ ಎತ್ತಿಡೋಕೆ ಬರಲ್ಲ" ಎಂದರು ಡಾಕ್ಟರು, ಮೆತ್ತಗೆ.

ಮಾವ ಹೆದರಿರಲಿಲ್ಲ. ಪ್ರಶ್ನೆ ಕೇಳುವುದು ಅವರ ಪದ್ಧತಿ, ಅಷ್ಟೇ.

ಸೋಮವಾರ ಆಪರೇಷನ್ ಆಯಿತು. ಗಂಟು ಹೋಯಿತು. ದನಿಯೂ ಹೋಯಿತು. ಕೆಲವು ದಿನಕ್ಕೆ ಅತ್ತೆಯ ಬಾಯಿಂದ ಗಾಳಿ ತುಂಬಿದ ಪಿಸುಮಾತು ಹೊರಟಿತು. ನರ ನಿಧಾನವಾಗಿ ಚೇತರಿಸಿಕೊಳ್ಳಬಹುದು, ಕಾಯಿರಿ ಎಂದರು ಡಾಕ್ಟರು. ಪಿಸುಮಾತಿನಲ್ಲಿ ಅತ್ತೆ ನೀರು ಕೇಳಿದಳು, ಹಾಲಿನವನನ್ನು ಬೈದಳು, ಪಕ್ಕದ ಮನೆಯ ಸುದ್ದಿಯನ್ನೂ ಹೇಳಿದಳು. ಆದರೆ ಹೂಂ? ಪಿಸುಮಾತಿನಲ್ಲಿ ಏನನ್ನಾದರೂ ಹೇಳಬಹುದು, ಬಾಯಿ ಮುಚ್ಚಿ ಹೂಂ ಎನ್ನಲಾಗುವುದಿಲ್ಲ. ನಂಬದಿದ್ದರೆ ನೀವೇ ಈಗ ಪಿಸುದನಿಯಲ್ಲಿ ಅಂದು ನೋಡಿ. ಮೂಗಿನಿಂದ ಬರೀ ಗಾಳಿ!

ಅನಾಹುತ ಶುರುವಾದದ್ದು ಅಲ್ಲಿಂದ. ರಾಯದುರ್ಗಕ್ಕೆ ಮರಳಿದ ಮೇಲೆ ಮಾವ ಪ್ರೋಗ್ರಾಮ್ ತೆರೆದು ಕೂತರು; ನಾನೂ ರಜೆ ಹೆಚ್ಚಿಸಿಕೊಂಡು ಅಲ್ಲೇ ಉಳಿದಿದ್ದೆ.

"ಬಟ್ಟಿ ಅಗಲ ತಗಂತೀವಿ."

ಮೌನ.

"ತಪ್ಪೇನು? ಉದ್ದ ತಗಳ್ಳೇನು?"

ಮೌನ. ಮಾವ ಆ ಸಾಲು ಬದಲಾಯಿಸಿದರು. ಮುಂದಿನ ಸಾಲಿಗೂ ಹೂಂ ಇಲ್ಲ, ಅದೂ ಬದಲಾಯಿತು. ಅವಳಿಗೆ ಆಗುವುದಿಲ್ಲವೆಂದು ಅವರಿಗೆ ಗೊತ್ತಿಲ್ಲವೇ? "ಗೊತ್ತೈತಪಾ ಅಳಿಯಾ. ತಲೀಗೆ ಗೊತ್ತೈತಿ, ಎದಿ ಕೇಳವಲ್ದು." ಹೀಗೆ ಇಪ್ಪತ್ತು ವರ್ಷ ಸರಿಯಾಗಿ ನಡೆದ ಪ್ರೋಗ್ರಾಮಿನ ಪ್ರತಿ ಸಾಲೂ ತಪ್ಪಾಗುತ್ತ ಬಂತು. ಒಂದು ಬೆಳಿಗ್ಗೆ ಎದುರು ಯೂನಿಟ್ಟಿನ ಮಾಲೀಕ, ಮಾವನ ಹೊಸ ಕಾಪಿಯಿಂದ ಕತ್ತರಿಸಿ ಹೊಲಿಸಿದ ಒಂದು ಪ್ಯಾಂಟು ಎತ್ತಿ ಹಿಡಿದುಕೊಂಡು ಬಂದ. ಎಡಗಾಲು ಬಲಗಾಲಿಗಿಂತ ಗೇಣುದ್ದ ಹೆಚ್ಚು.

"ಮಾಸ್ಟರ್ರೇ, ಇಂಥಾ ಮನಷ್ಯಾರು ಯಾವೂರಾಗ ಅದಾರ್ರಿ? ಹೇಳ್ರಿ, ಅಲ್ಲಿಗೇ ಲೋಡ್ ಕಳಸ್ತೀನಿ!"

ಓಣಿಯವರು ಸದ್ದಿಲ್ಲದೆ ತಮ್ಮಲ್ಲಿದ್ದ ಹಳೆಯ ಕಾಪಿ ಹಾಕಿಕೊಂಡು ಕೆಲಸ ಮುಂದುವರಿಸಿದರು. ಓಣಿಯನ್ನು ಉಳಿಸಿದ್ದು ಮಾವನ ಧಾರಾಳ. ಮಾವನನ್ನು ಉಳಿಸುವ ಕಾಪಿ ಮಾತ್ರ ಯಾರ ಬಳಿಯೂ ಇರಲಿಲ್ಲ.

ನಾನು ಹೂಂ ಅನ್ನುತ್ತೇನೆ ಎಂದು ಎದುರಿಗೆ ಕೂತೆ. ಪ್ರತಿ ಸಾಲಿಗೂ ಗಟ್ಟಿಯಾಗಿ ಅಂದೆ. ಮಾವ ಕಂಪ್ಯೂಟರ್ ಬಿಟ್ಟು ನನ್ನನ್ನು ನೋಡಿದರು. "ಎಲ್ಲಾದಕ್ಕೂ ಹೂಂ ಅಂತೀಯಲ್ಲೋ! ನಿಮ್ಮ ಗಾರ್ಮೆಂಟ್ಸಿನ್ಯಾಗ ಹಿಂಗ ಏನು ಚೆಕ್ ಮಾಡೋದು? ಎದ್ದೇಳು, ದೇಶದ ಪ್ಯಾಂಟೆಲ್ಲ ಉದುರ್ತಾವು."

ನಾನು ಎದ್ದೆ. ಅತ್ತೆ ಗೋಡೆಗೊರಗಿ ಕೂತಿದ್ದಳು, ಕುತ್ತಿಗೆಯ ಪಟ್ಟಿಯ ಮೇಲೆ ಸೆರಗು. ಆಪರೇಷನ್ ಆದಮೇಲೆ ಅವಳ ಕೈಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಅವಳು ಕಾಲಿನಿಂದ ಪ್ಯಾಂಟುಗಳ ರಾಶಿಯನ್ನು ಹತ್ತಿರಕ್ಕೆ ಎಳೆದುಕೊಂಡಳು, ಕಿಟಕಿಯ ಮೇಲಿದ್ದ ಪುಟ್ಟ ಕತ್ತರಿ ತೆಗೆದುಕೊಂಡಳು, ಮಾವನ ಕಡೆ ನೋಡಿ ಗದ್ದ ಎತ್ತಿದಳು. ಹೇಳು ಎಂಬಂತೆ.

"ಬಟ್ಟಿ... ಅಗಲ ತಗಂತೀವಿ."

ಕಚ್.

ಮಾವ ಹುಬ್ಬೇರಿಸಿದರು.

"ದೊಡ್ಡ ತುಂಡು ಮೊದ್ಲು ಇಡ್ತೀವಿ."

ಕಚ್.

"ಎಡಗಾಲಿನ ಉದ್ದಕ್ಕ ಒಂದು ಗೇಣು ಕೂಡಸ್ತೀವಿ..."

ಕತ್ತರಿ ಬಾಯಿ ತೆರೆದೇ ನಿಂತಿತು. "ಆಹಾ! ಸಿಕ್ತು ನೋಡು!" ಎಂದು ಮಾವ ಕೂಗಿದ ಕೂಗಿಗೆ ಎದುರು ಯೂನಿಟ್ಟಿನ ಯಂತ್ರಗಳು ಒಂದು ಗಳಿಗೆ ನಿಂತವು. ಯಂತ್ರಗಳು ನಿಂತದ್ದು ಕರೆಂಟು ಹೋದದ್ದರಿಂದಲೂ ಇರಬಹುದು. ಎರಡನ್ನೂ ಬರೆದಿಟ್ಟಿದ್ದೇನೆ.

ಈ ಪ್ರಬಂಧ ಇಲ್ಲಿಗೆ ಮುಗಿದಿತ್ತು. ಹೂಂ ಬೀಳದೆ ಅಚ್ಚಿಗೆ ಕೊಡಬಾರದಲ್ಲ? ಹಾಗೆಂದು ಫೋನಿನಲ್ಲಿ ಅತ್ತೆಗೆ ಓದಿ ಹೇಳಿದೆ. ಅವಳ ದನಿ ಇನ್ನೂ ಪಿಸುಮಾತೇ. ಆ ಕಡೆಯಿಂದ ಸಾಲಿಗೊಂದು ಕಚ್ ಬೀಳುತ್ತ ಬಂತು. ಕೋಟಿಗೂ ಬಿತ್ತು, ಕಾಲರಿಗೂ ಬಿತ್ತು, ಲಾಡಿಗೆ ಎರಡು ಬಿತ್ತು. "ಮಾವ ಹೆದರಿರಲಿಲ್ಲ" ಎಂಬ ಸಾಲಿಗೆ ಬಂದಾಗ ಕತ್ತರಿ ನಿಂತಿತು.

"ಯಾಕತ್ತೆ?"

"ಡಾಕ್ಟರು ಹೇಳೋವಾಗ ಟೇಬಲ್ ಕೆಳಗ ನನ್ನ ಕೈ ಹಿಡಕಂಡಿದ್ರಪಾ" ಎಂದಿತು ಪಿಸುಮಾತು. "ಹಿಡಿದ ಬಿಗಿಗೆ ಬಳಿ ಒಡದ್ವು. ನಿಮ್ಮಮ್ಮ ನೋಡಿದ್ರ ಅಪಶಕುನ ಅಂತಾಳಂತ ಚೂರು ಸೆರಗಿನ್ಯಾಗ ಕಟ್ಟಿಕ್ಯಂಡೆ. ಅವ್ರಿಗೂ ಹೇಳಿಲ್ಲ."

ನಾನು ಎದುರಿನ ಕುರ್ಚಿಯಲ್ಲೇ ಇದ್ದೆ. ನನಗೆ ಕಂಡದ್ದು ಟೇಬಲ್ಲಿನ ಮೇಲ್ಭಾಗ. ಕೋಟು ತಿರುವಿ ನೋಡುವ ಮನುಷ್ಯನನ್ನು ನಾನು ಒಮ್ಮೆಯೂ ತಿರುವಿ ನೋಡಿರಲಿಲ್ಲ. ಆ ಸಾಲನ್ನು ಅಳಿಸಿಲ್ಲ. ಕಟ್ಟಳೆಯ ಪ್ರಕಾರ ಕೆಳಗೆ ಬರೆದು, ಮತ್ತೆ ಅತ್ತೆಗೆ ಓದಿದೆ.

ತಿದ್ದಿದ್ದು: ಮಾವ ಹೆದರಿದ್ದರು. ಮೊದಲಿನಿಂದಲೂ.

ಕತ್ತರಿಯ ಸದ್ದಿಗೆ ಕಾದೆ. ಬರಲಿಲ್ಲ. ಮತ್ತೆ ತಪ್ಪೇ?

"ಹೂಂ."

ಒರಟಾಗಿತ್ತು, ತುಕ್ಕು ಹಿಡಿದ ಕದ ಸರಿದ ಹಾಗೆ. ಆದರೂ ಅದು ಗಾಳಿಯಲ್ಲ, ದನಿ. ಅತ್ತೆಯೇ ಬೆಚ್ಚಿದಳೇನೋ, ಕತ್ತರಿ ನೆಲಕ್ಕೆ ಬಿದ್ದ ಸದ್ದಾಯಿತು. ಹಿಂದೆಯೇ ಕುರ್ಚಿ ಹಿಂದಕ್ಕೆ ಸರಿದು, ಮಾವ ಓಡಿಬಂದದ್ದು ಕೇಳಿಸಿತು.

"ಏ, ಏನಂದಿ? ಯಾರಿಗಂದಿ? ಇನ್ನೊಮ್ಮೆ ಅನ್ನು!"