ನಮ್ಮನೆಯ ಹಂದಿಜ್ವರ ತನಿಖೆ

ಮನೆಯೊಳಗೆ ಪೋಲೀಸರ ಕೆಲಸ ಹೆಂಗಸರ ಪಾಲಿಗೇ ಬರುವುದು. ನನಗಂತೂ ಮದುವೆಯಾದಾಗಿನಿಂದ ಅದರಲ್ಲಿ ರಜೆಯೇ ಸಿಕ್ಕಿಲ್ಲ. ಹಂದಿಜ್ವರದ ವರ್ಷ ಅದು ಸರಕಾರಿ ಕೆಲಸವೂ ಆಯಿತು.

ನರ್ಸಮ್ಮನ ಪುಸ್ತಕ

ನಮ್ಮನೆಯವರು ಪುಣೆಗೆ ಮದುವೆಗೆ ಹೋಗಿ ಬಂದ ಮರುದಿನವೇ ಜ್ವರ. ಗಂಟಲು ಪರೀಕ್ಷೆಯಲ್ಲಿ ಹಂದಿಜ್ವರ ಅಂತಲೇ ಬಂತು. ಮನೆಯಲ್ಲಿ ಎಂಟು ತಿಂಗಳ ಬಸುರಿ ಮಗಳು. ಅವಳಿಗೆ ತಗುಲಿದರೆ ಜೀವಕ್ಕೇ ಕಷ್ಟ ಅಂದರು ಡಾಕ್ಟರು. ಅವಳನ್ನು ಮಹಡಿಗೆ ಅಟ್ಟಿದೆ.

ಸರಕಾರಿ ಆಸ್ಪತ್ರೆಯಿಂದ ಬಂದ ಹಾವೇರಿ ಕಡೆಯ ನರ್ಸಮ್ಮ, ಇವರು ಭೇಟಿಯಾದವರ ಹೆಸರು ಬರೆಯಲು ಪುಸ್ತಕ ಬಿಚ್ಚಿದಳು. "ಶಿರಸಿಯೊಳಗ ಬಸ್ ಇಳಿದ ಮ್ಯಾಲೆ ಯಾರ್ಯಾರ ಮನಿಗೆ ಹೋಗಿದ್ರಿ, ಹೇಳ್ರಿ."

"ಆನು ಎಲ್ಲಿಗೂ ಹೋಗಿದ್ನಿಲ್ಲೆ. ಸೀದಾ ಮನೆಗೆ" ಅಂದರು ಇವರು.

ಬೆಳಿಗ್ಗೆ ಏಳಕ್ಕೆ ಶಿರಸಿ ಮುಟ್ಟಿದವರು ಮನೆ ಮುಟ್ಟಿದ್ದು ಸಂಜೆ ಐದಕ್ಕೆ. ಎತ್ತಿನ ಗಾಡಿಯಲ್ಲಿ ಬಂದಿದ್ದರೂ ಮಧ್ಯಾಹ್ನದ ಊಟಕ್ಕೆ ಸಿಗುತ್ತಿದ್ದರು.

ಕೊಡೆ

"ನಮ್ಮನೆಯವ್ರು ಬಂದಿದ್ವಾ" ಅಂತ ನೆಂಟರನ್ನು ಫೋನಿನಲ್ಲಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಹೆಸರು ಪುಸ್ತಕಕ್ಕೆ ಹತ್ತಿದರೆ ಏಳು ದಿನ ಮನೆ ಬಿಟ್ಟು ಹೊರಡುವ ಹಾಗಿಲ್ಲವಲ್ಲ. ಹಾಗಾಗಿ ನಾನು ಕೇಳಿದ್ದು, "ನಮ್ಮನೆಯವ್ರು ಕೊಡೆ ಅಲ್ಲೇ ಬಿಟ್ಟಿಕ್ಕೆ ಬಂದ್ವಡ, ಇದ್ದಾ?" ಕೊಡೆ ನಮ್ಮ ಜಗುಲಿಯ ಗೂಟದಲ್ಲೇ ನೇತಾಡುತ್ತಿತ್ತು.

ತ್ಯಾಗಲಿಯ ಭಾವ, "ಇಲ್ಲೆ ತಂಗಿ, ಇಲ್ಲಿಂದ ಹೊರಡಕಾದ್ರೆ ಕೈಯಲ್ಲೇ ಇತ್ತು" ಅಂದ. ಒಂದು ಮನೆ ಆಯಿತು.

ಹೇರೂರಿನ ಅತ್ತಿಗೆ, ಅಂದರೆ ಇವರ ಅಕ್ಕ: "ಉಂಡು, ಒಂದು ನಿದ್ದೆ ತೆಗೆದು, ಕೊಡೆ ಹಿಡ್ಕಂಡೇ ಹೋದ. ನಾಳೆ ಮಗಳಿಗೆ ಬಯಕೆ ಊಟ ತಗಂಡು ಬರ್ತೆ, ಆವಾಗ ಹುಡುಕನ."

ಇವರ ಜೊತೆ ಕೂತು ಉಂಡವರು ಬಸುರಿಯ ಹತ್ತಿರ ಬರುವುದೇ? "ಬರಡಿ ಅತ್ತಿಗೆ" ಅಂತ ತಡೆದೆ.

"ಎಂತಕ್ಕೆ? ಆನು ಕೊಡೆ ಕದ್ದಿದ್ದಿ ಹೇಳಿ ಅನುಮಾನನಾ ನಿಂಗೆ?"

ಮೂರನೇ ದಿನ ಅತ್ತಿಗೆಗೂ ಜ್ವರ ಬಂತು. ಅವರ ಮನೆಯಲ್ಲೇ ಬಂತು, ಅಲ್ಲೇ ಬಿಟ್ಟಿತು. ಕೊಡೆಯ ಸಿಟ್ಟು ಮಾತ್ರ ಈಗಲೂ ಬಿಟ್ಟಿಲ್ಲ.

ಹೊರಗಿನ ಕೋಣೆ

ಹಿಂದೆ ಮುಟ್ಟಾದಾಗ ನಾವು ಹೆಂಗಸರು ಕೂರುತ್ತಿದ್ದ ಹೊರಗಿನ ಕೋಣೆಗೇ ಇವರನ್ನು ಹಾಕಿದೆ. ನರ್ಸಮ್ಮ ನಿಯಮದ ಕಾಗದ ತೆಗೆದು "ಬ್ಯಾರೆ ಚಾಪಿ" ಅನ್ನುವುದರೊಳಗೆ ಉಳಿದದ್ದನ್ನು ನಾನೇ ಒಪ್ಪಿಸಿದೆ. ತಟ್ಟೆ ಬೇರೆ, ತೊಳೆದು ಕವುಚಿ ಇಡುವುದು ಅವರೇ. ಬಟ್ಟೆ ಅವರೇ ಒಗೆಯಬೇಕು. ಉಪ್ಪಿನಕಾಯಿ ಭರಣಿಯ ಹತ್ತಿರ ಸುಳಿಯಬಾರದು.

"ಉಪ್ಪಿನಕಾಯಿ ನಮ್ಮ ಕಾಗದದಾಗ ಇಲ್ಲರಿ. ನಿಮಗ ಟ್ರೇನಿಂಗ್ ಯಾರು ಕೊಟ್ರು?"

"ನಮ್ಮ ಅತ್ತೆ."

ಎಂಟನೇ ದಿನ ನರ್ಸಮ್ಮ ಬಂದು ಮಗಳ ಮೈ ಮುಟ್ಟಿ ನೋಡಿ, "ಜ್ವರ ಇಲ್ಲ, ಪಾರಾದ್ರಿ" ಅಂದಳು. ಇವರು ಯುದ್ಧ ಗೆದ್ದವರ ಹಾಗೆ ಜಗುಲಿಗೆ ಬಂದು ಕೂತರು.

"ಏಳು ದಿನ ಅಂದ್ರೆ ಸಣ್ಣ ಮಾತಲ್ಲ. ನಿಂಗ ಹೆಂಗಸ್ರಿಗಾದ್ರೆ ಮೂರೇ ದಿನ ಇತ್ತು."

ನಾನು ಚಾ ಲೋಟ ಕೈಗೆ ಕೊಟ್ಟೆ. "ಹೌದು. ತಿಂಗಳು ತಿಂಗಳಿಗೂ."