ಪೆರಿನ್ ಕೊಲ್ಲಿಯ ಶಾರ್ಕ್ ಸಾರಿಗೆ

ಪೆರಿನ್ ಕೊಲ್ಲಿಯಲ್ಲಿ ಒಂದು ಶಾರ್ಕ್ ಮೀನು ಸರ್ಕಾರಿ ನೌಕರಿಗೆ ಸೇರಿತು. ಹೇಗೆ ಸೇರಿತು, ಊಹಿಸಿ ನೋಡೋಣ! ಪರೀಕ್ಷೆ ಬರೆದೇ? ಇಲ್ಲ. ವಶೀಲಿ ಹಚ್ಚಿಯೇ? ಛೆ, ಅದಕ್ಕೆ ಕೊಲ್ಲಿಯನ್ನು ಆಳುವ ಮಂಡಳಿಯಲ್ಲಿ ನೆಂಟರಿಷ್ಟರು ಯಾರೂ ಇರಲಿಲ್ಲ. ಹೋಗಲಿ ಬಿಡಿ, ನಿಮ್ಮಿಂದ ಆಗುವುದಿಲ್ಲ. ಆ ಮೀನನ್ನು ಹಿಡಿದ ಆರ್ವಿಲ್ ಕ್ರಾಬ್‌ಟ್ರೀ ಮೇಷ್ಟ್ರಿಗೇ ಆಗಿರಲಿಲ್ಲ.

ಮೇಷ್ಟ್ರು ಪೂರ್ವ ಪೆರಿನ್ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು. ಎರಡೂ ಸೊಂಟದ ಕೀಲು ಸವೆದು, ಮನೆ ಮುಂದಿನ ಅಂಚೆಪೆಟ್ಟಿಗೆಯವರೆಗೆ ಹೋಗಿ ಬರುವುದೇ ಅವರಿಗೊಂದು ತೀರ್ಥಯಾತ್ರೆ. ಆದರೆ ತಮ್ಮ ಹಳದಿ ಕಯಾಕಿನಲ್ಲಿ, ಒಬ್ಬರೇ ಕಾಲು ಚಾಚಿ ಕೂರುವ ಆ ಪ್ಲಾಸ್ಟಿಕ್ ದೋಣಿಯಲ್ಲಿ, ಕೂತರೆಂದರೆ ಸೊಂಟ ಅಂತ ಒಂದಿದೆ ಎನ್ನುವುದೇ ಮರೆತುಹೋಗುತ್ತಿತ್ತು. ಬೇಸಿಗೆಯಲ್ಲಿ ನೀರು ಬೆಚ್ಚಗಾದಾಗ, ಮೈತುಂಬ ಚಿರತೆಯ ಚುಕ್ಕೆ ಹೊತ್ತ ಪುಟ್ಟ ಶಾರ್ಕುಗಳು ಏಡಿ ಹುಡುಕಿಕೊಂಡು ಕೊಲ್ಲಿಯೊಳಕ್ಕೆ ಬರುತ್ತವೆ. ಚಳಿ ಶುರುವಾದರೆ ಹೊರಗಡಲಿಗೆ ಹೊರಟುಬಿಡುತ್ತವೆ. ಅಷ್ಟರೊಳಗೆ ಮೇಷ್ಟ್ರು ಗಾಳಕ್ಕೆ ಸ್ಕ್ವಿಡ್ ಎಂಬ ಮೆತ್ತನೆಯ ಕಡಲಜೀವಿಯ ತುಂಡು ಚುಚ್ಚಿ ಇಳಿಬಿಡಬೇಕು, ಒಂದು ಸಿಗಬೇಕು, ಇಕ್ಕಳದಿಂದ ಕೊಕ್ಕೆ ಬಿಡಿಸಿ, "ಹೋಗಪ್ಪ, ಮನೇಲಿ ಕಾಯ್ತಿರ್ತಾರೆ" ಎಂದು ನೀರಿಗೆ ಬಿಡಬೇಕು. ವರ್ಷವಿಡೀ ಅವರು ಮಾತ್ರೆ ನುಂಗಿ ಜೀವ ಹಿಡಿದಿದ್ದದ್ದು ಇದಕ್ಕೇ.

"ಬಿಡೋದೇ ಆದ್ರೆ ಹಿಡಿಯೋದ್ಯಾಕೆ?" ಎಂದು ಹೆಂಡತಿ ಲೊರೆಟ್ಟಾ ಕೇಳುತ್ತಿದ್ದಳು.

"ನೀನು ನಿನ್ನ ತಂಗಿಗೆ ಫೋನ್ ಮಾಡಿ, ಗಂಟೆಗಟ್ಲೆ ಮಾತಾಡಿ, ಏನೂ ವಿಷಯ ಇರ್ಲಿಲ್ಲ ಅಂತ ಕೆಳಗಿಡಲ್ವೇನೆ? ಹಾಗೇ."

ಕಯಾಕಿನಲ್ಲಿ ಶಾರ್ಕ್ ಹಿಡಿಯುವವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ. ಗಾಳಕ್ಕೆ ಸಿಕ್ಕ ಮೀನು ದೋಣಿಯನ್ನೇ ಎಳೆದುಕೊಂಡು ಹೊರಡುತ್ತದೆ. ಹಟ ಹಿಡಿದು ತಡೆದರೆ ದಾರ ಹರಿಯುತ್ತದೆ. ಕೋಲು ಬಿಗಿಯಾಗಿ ಹಿಡಿದು, ಬೇರೆಯವರ ಮದುವೆ ಮೆರವಣಿಗೆಯಲ್ಲಿ ಕೂತ ಹಾಗೆ ಸುಮ್ಮನೆ ಕೂರಬೇಕು. ಆ ಆಗಸ್ಟಿನ ಒಂದು ಬೆಳಗ್ಗೆ ಹೀಗೇ ಒಂದು ಶಾರ್ಕ್ ಮೇಷ್ಟ್ರನ್ನು ಪೂರ್ವದಿಂದ ಪಶ್ಚಿಮಕ್ಕೆ ಎಳೆದುಕೊಂಡು, ಕೊಲ್ಲಿಯ ನಡುವಿನ ತೇಲುಗುಂಡುಗಳ ಸಾಲು ದಾಟಿತು. ದಾಟಿದ ಮೇಲೆ ಅದಕ್ಕೆ ಸುಸ್ತಾಯಿತು. ಮೇಷ್ಟ್ರು ಅದನ್ನು ಅಲ್ಲೇ ಬಿಟ್ಟರು. ಆ ಸಾಲು ಎರಡು ಕೌಂಟಿಗಳ, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಜಿಲ್ಲೆಗಳ, ಗಡಿ.

ಎರಡೂ ಕೌಂಟಿಗಳು ಸೇರಿ ನಡೆಸುವ ಕೊಲ್ಲಿ ಸಂಯುಕ್ತ ಮಂಡಳಿಯ ಗಸ್ತುದೋಣಿ ಪಕ್ಕಕ್ಕೆ ಬಂದು ನಿಂತಿತು. ಅದರಲ್ಲಿದ್ದ ಅಧಿಕಾರಿ ಬ್ರೆಂಡಾ ಕೀಸ್ಲಿಂಗ್, ಮೇಷ್ಟ್ರ ಹಳೆಯ ಶಿಷ್ಯೆ.

"ಮೇಷ್ಟ್ರೇ, ಆ ಕೌಂಟಿಯ ಜೀವಂತ ಪ್ರಾಣೀನ ಈ ಕೌಂಟಿಗೆ ಸಾಗಿಸಿದ್ದೀರಿ. ಪರವಾನಗಿ ಇದೆಯಾ?"

"ಏ ಬ್ರೆಂಡಾ, ತ್ರಿಕೋನಕ್ಕೆ ನಾಲ್ಕು ಮೂಲೆ ಬರೆದೋಳು ನೀನೇ ಅಲ್ವಾ?"

"ಅದನ್ನ ಇನ್ನೂ ಮರೆತಿಲ್ವಾ ನೀವು? ಮೊದ್ಲು ದೋಣಿ ಇಳೀರಿ."

ದೋಣಿ ಜಪ್ತಿಯಾಯಿತು. ವಿಚಾರಣೆ ಯಾವಾಗ ಎಂದು ಕೇಳಿದರೆ, ಚಳಿಗಾಲದ ಮಧ್ಯದಲ್ಲಿ ಎಂಬ ಉತ್ತರ ಬಂತು. ಅಷ್ಟರಲ್ಲಿ ಶಾರ್ಕುಗಳೆಲ್ಲ ಹೊರಟುಹೋಗಿರುತ್ತವೆ. ಮೇಷ್ಟ್ರು ಕುಂಟುತ್ತ ಕಚೇರಿಗೆ ಅಲೆದರು, ಬೈದರು, ಬೇಡಿದರು. ಕೊನೆಗೆ ಲೊರೆಟ್ಟಾ, "ಈ ಮನುಷ್ಯ ಹಗಲೂ ಮನೇಲೇ ಇದ್ರೆ ನಾನು ಆಚೆ ದಡದ ಪಶ್ಚಿಮ ಪೆರಿನ್‌ಗೆ ಓಡಿಹೋಗ್ತೀನಿ" ಎಂದು ಮಂಡಳಿಯ ಅಧ್ಯಕ್ಷರಿಗೇ ಹೇಳಿದಳು. ಹೋಗಲು ಫೆರ್ರಿ, ಅಂದರೆ ಜನರನ್ನು ದಾಟಿಸುವ ದೋಣಿ, ಇಲ್ಲ ಎಂಬುದು ಅಧ್ಯಕ್ಷ ಥೇಡಿಯಸ್ ಗಾರ್ವಿನ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡೂ ದಡಗಳ ನಡುವಿನ ಫೆರ್ರಿ ವಸಂತದಲ್ಲೇ ಕೆಟ್ಟು ನಿಂತಿತ್ತು. ಅದರ ದುರಸ್ತಿಗೆ ನೇಮಿಸಿದ ಸಮಿತಿಯೂ ಕೆಟ್ಟು ನಿಂತಿತ್ತು. ಚುನಾವಣೆ ಹತ್ತಿರ ಬರುತ್ತಿತ್ತು. ಫೆರ್ರಿಯ ಮಾತು ಯಾರ ಬಾಯಲ್ಲೂ ಬರದಿರಲೆಂದು ಅವರು ಚಳಿಗಾಲದವರೆಗೆ ಕಾಯದೆ ವಿಚಾರಣೆಯನ್ನು ಕೂಡಲೇ ಇಟ್ಟುಕೊಂಡರು.

"ಶಾರ್ಕನ್ನು ಸಾಗಿಸಿದ್ದು ನೀವೇ?" ಎಂದು ಗಾರ್ವಿನ್ ಕೇಳಿದರು.

"ಸ್ವಾಮಿ, ನಾನೆಲ್ಲಿ ಸಾಗಿಸ್ದೆ? ಅದೇ ನನ್ನನ್ನ ದರದರ ಎಳ್ಕೊಂಡು ಹೋಯ್ತು! ನಾನು ಹುಟ್ಟು ಮುಟ್ಟಿದ್ರೆ ಕೇಳಿ."

ಗಾರ್ವಿನ್ ಕನ್ನಡಕ ತೆಗೆದು ಒರೆಸಿದರು.

"ಅಂದರೆ, ಪೂರ್ವ ದಡದ ಪ್ರಯಾಣಿಕರೊಬ್ಬರನ್ನು ಪಶ್ಚಿಮ ದಡದ ಕಡೆಗೆ ಸುರಕ್ಷಿತವಾಗಿ ತಲುಪಿಸಲಾಯಿತು?"

"ಹಾಗಂದ್ರೆ ಹಾಗೇ ಅನ್ನಿ."

"ಇಂಧನ?"

"ಒಂದು ತುಂಡು ಸ್ಕ್ವಿಡ್ಡು. ಅದನ್ನೂ ಪೂರ್ತಿ ತಿನ್ಲಿಲ್ಲ."

ಮಂಡಳಿ ಊಟಕ್ಕೆ ಹೋಗಿಬಂದು ತೀರ್ಪು ಕೊಟ್ಟಿತು. ಸದರಿ ಕ್ರಾಬ್‌ಟ್ರೀ ಸಾಗಣೆದಾರರಲ್ಲ, ಪ್ರಯಾಣಿಕರು, ಆದ್ದರಿಂದ ನಿರ್ದೋಷಿ. ಸದರಿ ಶಾರ್ಕ್ ಪರವಾನಗಿಯಿಲ್ಲದೆ ಪ್ರಯಾಣಿಕರನ್ನು ಸಾಗಿಸಿದೆ. ಆದರೆ ಸಾರ್ವಜನಿಕ ಹಿತದೃಷ್ಟಿಯಿಂದ ಅದರ ಸೇವೆಯನ್ನು ಸಕ್ರಮಗೊಳಿಸಬಹುದು. ಮರುದಿನ ಕಡಲಿನ ಇಳಿತದ ಹೊತ್ತಿಗೆ ಬ್ರೆಂಡಾ ಕಟ್ಟೆಯ ತುದಿಯಲ್ಲಿ ನಿಂತು, ನೀರಿಗೆ ಕೇಳಿಸುವಂತೆ ಧ್ವನಿವರ್ಧಕದಲ್ಲಿ ಓದಿದಳು:

"ಚುಕ್ಕೆ ಶಾರ್ಕ್, ತಂದೆಯ ಹೆಸರು ಲಭ್ಯವಿಲ್ಲ, ವಾಸ ಕೊಲ್ಲಿಯ ತಳ, ಇವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಮ್ಮನ್ನೂ ತಮ್ಮ ಬಂಧುವರ್ಗವನ್ನೂ ತಾತ್ಕಾಲಿಕ ಫೆರ್ರಿ ಎಂದು ನೇಮಿಸಲಾಗಿದೆ. ತಕರಾರಿದ್ದಲ್ಲಿ ಕಚೇರಿಯ ವೇಳೆಯಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು."

ಯಾರೂ ಹಾಜರಾಗಲಿಲ್ಲ. ಒಪ್ಪಿಗೆ ಎಂದು ದಾಖಲಾಯಿತು. ಹಳೆಯ ಫೆರ್ರಿಯನ್ನು ಗುಜರಿಗೆ ಹಾಕಲಾಯಿತು. ಗುಜರಿ ಅಂಗಡಿ ಅಧ್ಯಕ್ಷರ ಭಾಮೈದನದು. ಕಾಯುವ ಪ್ರಯಾಣಿಕರಿಗೆ ನೆರಳಿನ ಚಪ್ಪರ ಹಾಕುವ ಗುತ್ತಿಗೆಯೂ ಅವನದೇ. ಚಪ್ಪರಕ್ಕೆ ನೆರಳು ಮಂಜೂರಾಗಿರಲಿಲ್ಲ. ಆದ್ದರಿಂದ ಕಂಬಗಳನ್ನಷ್ಟೇ ನೆಟ್ಟರು.

ಹಳದಿ ಕಯಾಕ್ ವಾಪಸು ಬಂತು, ಆದರೆ ಷರತ್ತುಗಳೊಂದಿಗೆ. ಅದು ಇನ್ನು ಮೇಲೆ ಸಾರ್ವಜನಿಕ ಬೋಗಿ. ಮೇಷ್ಟ್ರು ಟಿಕೆಟ್ ತೆಗೆದುಕೊಂಡೇ ಹತ್ತಬೇಕು. ಹುಟ್ಟು ಹಾಕಿದರೆ ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಿದಂತೆ.

"ಹಿಡಿದದ್ದನ್ನ ಬಿಡ್ಬಹುದು ತಾನೇ?" ಎಂದು ಮೇಷ್ಟ್ರು ಬ್ರೆಂಡಾಳನ್ನು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ.

"ಬಿಡ್ಲೇಬೇಕು ಮೇಷ್ಟ್ರೇ. ಓವರ್‌ಟೈಮ್ ಕೊಡೋಕೆ ನಮ್ಮತ್ರ ದುಡ್ಡಿಲ್ಲ."

"ಎಲ್ಲಿ ಸಹಿ ಹಾಕ್ಲಿ?" ಎಂದರು ಮೇಷ್ಟ್ರು. ಓದದೆ ಸಹಿ ಹಾಕಬೇಡಿ ಎಂದು ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಟ್ಟವರು!

ಉದ್ಘಾಟನೆಯ ದಿನ ಗಾರ್ವಿನ್ ಕೋಟು ಹಾಕಿಕೊಂಡು, ಮೇಷ್ಟ್ರ ದೋಣಿಯ ಹಿಂದೆ ಹಗ್ಗದಿಂದ ಕಟ್ಟಿದ ಇನ್ನೊಂದು ಕಯಾಕಿನಲ್ಲಿ ಕೂತರು. ಎದುರು ದಡದಲ್ಲಿ ಪಶ್ಚಿಮ ಪೆರಿನ್‌ನವರು ವಾದ್ಯ, ರಿಬ್ಬನ್ನು, ಏಡಿ ಸಾರಿನ ದೊಡ್ಡ ಪಾತ್ರೆ ಎಲ್ಲ ಇಟ್ಟುಕೊಂಡು ಕಾಯುತ್ತಿದ್ದರು. ಮೇಷ್ಟ್ರು ಗಾಳ ಇಳಿಬಿಟ್ಟರು. ನೀರು ಆಗಲೇ ತಣ್ಣಗಾಗತೊಡಗಿತ್ತು. ಸಿಗುತ್ತದೋ ಇಲ್ಲವೋ ಎಂದು ಅವರು ದಾರವನ್ನೇ ನೋಡುತ್ತ ಕೂತರು. ಫೆರ್ರಿಯ ಚಿಂತೆ ಅವರಿಗೆ ಎಳ್ಳಷ್ಟೂ ಇರಲಿಲ್ಲ.

ಕೋಲು ಬಾಗಿತು. "ಬಂತು, ಬಂತು, ನನ್ನಪ್ಪ!" ಎಂದು ಮೇಷ್ಟ್ರು ಕೂಗಿದರು.

ಶಾರ್ಕ್ ಹೊರಟಿತು. ಪಶ್ಚಿಮದ ಕಡೆಗೆ ಒಂದಿಷ್ಟು ದೂರ ಘನವಾಗಿ ಎಳೆಯಿತು, ವಾದ್ಯ ಶುರುವಾಯಿತು. ಆಮೇಲೆ ಏನನಿಸಿತೋ, ಉತ್ತರಕ್ಕೆ ತಿರುಗಿತು, ಅಧ್ಯಕ್ಷರನ್ನು ಎರಡು ಸುತ್ತು ಹಾಕಿಸಿತು. ಕೊನೆಗೆ ಹೊರಟ ಜಾಗದ ಪಕ್ಕದಲ್ಲೇ, ಪೂರ್ವ ದಡದ ಕೆಸರಿನ ಹತ್ತಿರ ತಂದು ನಿಲ್ಲಿಸಿತು. ಮೇಷ್ಟ್ರು ಕೊಕ್ಕೆ ಬಿಡಿಸಿ, ಅದರ ಒರಟು ಬೆನ್ನು ಸವರಿ, "ಹೋಗಪ್ಪ, ಮನೇಲಿ ಕಾಯ್ತಿರ್ತಾರೆ" ಎಂದರು. ಬಾಲದ ಒಂದು ಹೊಡೆತಕ್ಕೆ ಅಧ್ಯಕ್ಷರ ಕೋಟೆಲ್ಲ ನೀರಾಯಿತು.

ಗಾರ್ವಿನ್ ಮೊಣಕಾಲುದ್ದದ ಕೆಸರಿಗೆ ಇಳಿದು ನಿಂತು, ಸುತ್ತ ನೋಡಿ, ಧ್ವನಿವರ್ಧಕ ಕೇಳಿ ತೆಗೆದುಕೊಂಡರು.

"ಆಡಳಿತಾತ್ಮಕ ಕಾರಣಗಳಿಗಾಗಿ ಪಶ್ಚಿಮ ದಡವನ್ನು ಇಂದಿನಿಂದ ಇಲ್ಲಿಗೆ ಸ್ಥಳಾಂತರಿಸಲಾಗಿದೆ. ಪ್ರಯಾಣ ಯಶಸ್ವಿ."

ಜನ ಚಪ್ಪಾಳೆ ತಟ್ಟಿದರು. ಅಸಲಿ ಪಶ್ಚಿಮ ದಡದವರು ರಿಬ್ಬನ್ನು, ಸಾರಿನ ಪಾತ್ರೆ ಎಲ್ಲ ಕಾರಿಗೆ ಹೇರಿ, ಕೊಲ್ಲಿಯನ್ನು ಬಳಸಿ ರಸ್ತೆಯಲ್ಲಿ ಬಂದರು. ಸಾರು ಆರಿತ್ತು, ಆದರೂ ಎಲ್ಲರೂ ಕುಡಿದರು. ಲೊರೆಟ್ಟಾ ಗಂಡನ ಕೈಗೆ ಊರುಗೋಲು ಕೊಟ್ಟು, "ಕೊನೆಗೂ ಪಶ್ಚಿಮ ಪೆರಿನ್‌ಗೆ ಬಂದೆ ಅನ್ನಿ" ಎಂದಳು.

ಮೇಷ್ಟ್ರು ಬ್ರೆಂಡಾಳ ಬಳಿ ಹೋಗಿ ಮೆಲ್ಲಗೆ ಕೇಳಿದರು: "ನಾಳೇನೂ ಇದೆಯೇನಮ್ಮ?"

"ದಿನಾ ಇದೆ, ಮೇಷ್ಟ್ರೇ. ಟಿಕೆಟ್ ತಗೊಳ್ಳಿ. ಎಲ್ಲಿಗೆ ಅಂತ ಮಾತ್ರ ಕೇಳ್ಬೇಡಿ."

ಮೇಷ್ಟ್ರು ನೆರಳಿಲ್ಲದ ಚಪ್ಪರದ ಕೆಳಗೆ, ಊರವರೆಲ್ಲರ ಹಿಂದೆ, ಟಿಕೆಟ್ಟಿನ ಸರದಿಯಲ್ಲಿ ನಿಂತರು. ಈ ಉದ್ಘಾಟನೆ ನಡೆದದ್ದು 2019ರ ಸೆಪ್ಟೆಂಬರ್ ಹದಿನೇಳನೆಯ ತಾರೀಕು, ಮಂಗಳವಾರ.