ಕಾಮಣ್ಣನ ಮೀನೂ ಅದರ ಹೊಟ್ಟೆಯ ಹುಳವೂ

ಬಸುರಿ ಸೊಸೆ ಉಮಾಶ್ರೀಗೆ ಹೊಳೆಮೀನಿನ ಸಾರಿನ ಬಯಕೆಯಾಗಿದೆ ಎಂದು ಕಿವಿಗೆ ಬಿದ್ದದ್ದೇ ತಡ, ಹುನ್ನೂರಿನ ಕಾಮಣ್ಣ ಧೋತರ ಎತ್ತಿ ಕಟ್ಟಿದ. "ಇವತ್ತ ಅಡಗಿಮನಿ ನಂದು. ನನ್ನ ಕೈಯಾಗಿನ ಸಾರು ಉಂಡ್ರ ಹೊಟ್ಟ್ಯಾಗಿನ ಕೂಸೂ ನಾಲಿಗಿ ಚಪ್ಪರಿಸಬೇಕು" ಎಂದು ಸಾರಿದ.

"ನಿಮಗ ಚಹಾ ಕಾಸಾಕ ಬರೂದಿಲ್ಲಲ್ರಿ" ಎಂದಳು ಹೆಂಡತಿ ಮಾಯವ್ವ.

ಅದನ್ನು ಆತ ಕೇಳಿಸಿಕೊಳ್ಳಲಿಲ್ಲ. ಜಮಖಂಡಿ ಪೇಟೆಯಿಂದ ತೋಳುದ್ದದ ಮೀನು ತಂದು, ದೊಡ್ಡ ಸರ್ಜನ್ನನ ಗತ್ತಿನಲ್ಲಿ ಈಳಿಗೆಯ ಮುಂದೆ ಕೂತು ಹೊಟ್ಟೆ ಸೀಳಿದ. ಕರುಳಿನ ಜೊತೆ ಬೆಳ್ಳಗೆ ಒಂದು ಪಟ್ಟಿ ಹೊರಬಂತು. ಯಾರದೋ ಚಡ್ಡಿಯ ಲಾಡಿ ನುಂಗಿದೆ ಎಂದುಕೊಂಡು ಎಳೆದ. ಎಳೆದಷ್ಟೂ ಬಂತು. ಆಮೇಲೆ ಲಾಡಿ ತಾನಾಗಿಯೇ ಹೊರಳಿತು.

ಅದು ಹುಳವೆಂದು ಕಾಮಣ್ಣನಿಗೆ ಆಗ ತಿಳಿಯಿತು. ಇದು ಸೊಸೆಯ ಹೊಟ್ಟೆ ಸೇರಿದ್ದರೆ? ಮೀನನ್ನು ಅಲ್ಲೇ ಬಿಟ್ಟು, ಹುಳವನ್ನು ಉಪ್ಪಿನಕಾಯಿ ಬಾಟಲಿಗೆ ಇಳಿಸಿ, ಯಾರಿಗೂ ಹೇಳದೆ ಆಟೋ ಹತ್ತಿದ.

"ಏನಣ್ಣಾ ಅದು?" ಎಂದ ಆಟೋ ಓಡಿಸುವ ದುಂಡೇಶ.

"ಹೊಟ್ಟ್ಯಾಗ ಇತ್ತಪಾ. ಡಾಕ್ಟರಿಗೆ ತೋರಸಬೇಕು."

ಜಮಖಂಡಿಯ ಡಾಕ್ಟರು ಬಾಟಲಿಯನ್ನು ಬೆಳಕಿಗೆ ಹಿಡಿದರು. "ಯಾವಾಗ ಹೊರಗ ಬಂತ್ರಿ?"

"ಈಗಷ್ಟರೀ. ಹೊಟ್ಟಿ ಕೊಯ್ದ ಕೂಡ್ಲೆ."

"ಯಾರು ಕೊಯ್ದ್ರು?"

"ನಾನ ರೀ. ನಮ್ಮ ಈಳಿಗಿ ಛಲೋ ಹರಿತ ಐತಿ."

ಡಾಕ್ಟರ ಕುರ್ಚಿ ತುಸು ಹಿಂದೆ ಸರಿಯಿತು. "ಕರಳಿಗೆ ಏನೂ ಆಗಿಲ್ಲಲಾ?"

"ಕರಳು ಬೆಕ್ಕಿಗೆ ಹಾಕಿ ಬಂದೇನ್ರಿ."

ನರ್ಸ್ ಮಧುಮತಿ ಸ್ಟ್ರೆಚರ್ ತರಲು ಓಡಿದಳು. ಕಾಮಣ್ಣನನ್ನು ಮಲಗಿಸಿ, ಅಂಗಿ ಬಿಚ್ಚಿಸಿ, ಒಂದು ಗೆರೆಯೂ ಇಲ್ಲದ ಗುಂಡು ಹೊಟ್ಟೆಯನ್ನು ಕಂಡ ಮೇಲೆಯೇ ಮೀನಿನ ಸುದ್ದಿ ಹೊರಬಿದ್ದದ್ದು. ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಹೊಳಿಮೀನಿನಾಗ ಇಂಥಾ ಲಾಡಿಹುಳ ಇರತಾವ್ರಿ. ಸ್ವಚ್ಛ ಮಾಡಿ, ಪೂರಾ ಬೇಯಿಸಿ ತಿಂದ್ರ ಅಂಜೂ ಕಾರಣಿಲ್ಲ."

ಹಗುರಾಗಿ ಮನೆಗೆ ಬಂದರೆ ಅಂಗಳದ ತುಂಬ ಜನ. ಕಾಮಣ್ಣನ ಹೊಟ್ಟೆಯಿಂದ ಗಜದುದ್ದ ಹುಳ ಬಂದಿದೆಯೆಂದು ದುಂಡೇಶ ಊರಿಗೆಲ್ಲ ಮುಟ್ಟಿಸಿಬಿಟ್ಟಿದ್ದ. ಅಷ್ಟರಲ್ಲಾಗಲೇ, ಸೀಳಿಟ್ಟಿದ್ದ ಮೀನನ್ನು ಮಾಯವ್ವ ತೊಳೆದು ಕುದಿಸಿ ಸೊಸೆಗೆ ಉಣಿಸಿಯಾಗಿತ್ತು. ಪಾತ್ರೆಯಲ್ಲಿ ಮುಳ್ಳಷ್ಟೇ ಉಳಿದಿದ್ದವು.

"ಹುಳ ನಂದಲ್ಲಬೇ, ಮೀನಿಂದು" ಎಂದ ಕಾಮಣ್ಣ.

"ನಾಚಿಕಿ ಯಾಕ್ರಿ? ನಾ ಏನ ಹೊರಗಿನಾಕಿ ಅದೇನಿ?" ಎಂದು ಮಾಯವ್ವ ಬೇವಿನ ರಸದ ಲೋಟವನ್ನು ಕೈಗಿಟ್ಟಳು. ಅವಳ ಕಣ್ಣು ಅತ್ತು ಕೆಂಪಾಗಿದ್ದವು.

ಆ ಕಣ್ಣು ನೋಡಿದ ಕಾಮಣ್ಣ ಲೋಟ ಎತ್ತಿದ. ಮೂಗು ಹಿಡಿದು, ಮೀನಿನ ರೋಗಕ್ಕೆ ತಾನು ಔಷಧ ಕುಡಿದ.